ಉಪ್ಪು ನೀವ ಹಾಕ್ಕೊಳ್ರಿ

ಯಾದಗಿರಿ ಬಸ್‌ಸ್ಟ್ಯಾಂಡಿನ ಗೇಟಿನ ಬಳಿ ಈಗೊಂದು ತಳ್ಳುಗಾಡಿ ನಿಲ್ಲುತ್ತದೆ. ಹಬೆಯಾಡುವ ಡಬ್ಬಿಯಿಂದ ಮೆಕ್ಕೆಜೋಳದ ಹಳದಿ ಕಾಳು ತೆಗೆದು, ಕಾಗದದ ಲೋಟಕ್ಕೆ ಹಾಕಿ, ಮೇಲೊಂದು ಬೆಣ್ಣೆಯ ಚೂರು ಬಿಟ್ಟು ಕುಲುಕಿ ಕೊಡುತ್ತಾರೆ. ಹೋದ ತಿಂಗಳು ಸುರಪುರದಲ್ಲಿ ಬಳಗದವರ ಮದುವೆ ಮುಗಿಸಿಕೊಂಡು ಬಂದು ಇಳಿದಾಗ, ನಾನು ಅಲ್ಲಿ ಸರಿಯಾಗಿ ಉಂಡಿಲ್ಲವೆಂದು ನಮ್ಮ ಯಜಮಾನರು ಆ ಗಾಡಿಯ ಮುಂದೆ ನಿಲ್ಲಿಸಿದರು. ಗಾಡಿಯವನು ಲೋಟ ಹಿಡಿದುಕೊಂಡು ಕೇಳಿದ: ‘ಉಪ್ಪು ಖಾರ ಹಾಕ್ಲೇನ್ರಿ ಅಮ್ಮಾರ?’

ದಿನಕ್ಕೆ ನೂರು ಮಂದಿಗೆ ಕೇಳುವ ಮಾತು. ನಾನು ಅವನ ಕೈಯಲ್ಲಿದ್ದ ಲೋಟವನ್ನೇ ನೋಡಿದೆ. ನಮ್ಮವರೇ ಅಂದರು, ‘ಉಪ್ಪು ಬ್ಯಾಡಪ್ಪ, ಆಕಿ ತಾನ ಹಾಕ್ಕೊಂತಾಳ.’ ಅಂದವರು ಮುಖ ಅತ್ತ ತಿರುಗಿಸಿ, ಹತ್ತಬೇಕಿಲ್ಲದ ಬಸ್ಸಿನ ಬೋರ್ಡು ಓದುತ್ತ ನಿಂತರು.

ಆ ಮದುವೆಯ ಪಂಕ್ತಿಯಲ್ಲಿ ನಮ್ಮ ಪಕ್ಕಕ್ಕೆ ಕೂತಿದ್ದ ಗುರುಮಠಕಲ್ ಕಡೆಯ ಹಿರಿಯರೊಬ್ಬರು, ಮಾತಿಗೆ ಮಾತು ಬಂದು, ದನದ ದವಾಖಾನೆಯ ಕಂಪೌಂಡರು ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದು ಹೇಳಿದ್ದರು. ಹೇಳಿ, ಬದನೆಕಾಯಿ ಚಲೋ ಆಗಿದೆ ಎಂದು ಇನ್ನೊಂದು ಹಾಕಿಸಿಕೊಂಡರು. ಅವರದೇನು ತಪ್ಪು? ಅವರ ಪಾಲಿಗೆ ಆತ ಊರಲ್ಲಿದ್ದ ಒಬ್ಬ ರಿಟೈರಾದ ಮನುಷ್ಯ. ನಮ್ಮ ಪಾಲಿಗೆ ಏನಾಗಿದ್ದರು ಎಂದು ಯಾರಾದರೂ ಕೇಳಿದರೆ, ಒಂದೇ ಶಬ್ದದಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಅದಕ್ಕೇ ಇಷ್ಟು ಬರೆಯಬೇಕಾಗಿದೆ.

ನಾನು ಮದುವೆಯಾಗಿ ಶಹಾಪುರಕ್ಕೆ ಬಂದಾಗ ನಮ್ಮವರಿಗೆ ದೋರನಹಳ್ಳಿ ಶಾಲೆಯಲ್ಲಿ ಕೆಲಸ. ಒಂದೇ ಅಂಗಳಕ್ಕೆ ಎರಡು ಬಾಗಿಲಿದ್ದ ಮನೆ. ಒಂದು ಬಾಗಿಲಿನೊಳಗೆ ನಾವಿಬ್ಬರು, ನಮ್ಮತ್ತೆ. ಎದುರಿನ ಬಾಗಿಲಿನೊಳಗೆ ಅವರು, ಒಬ್ಬರೇ. ನಡುವೆ ಒಂದು ಬೇವಿನ ಗಿಡ. ಅವರ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಕಂಪೌಂಡ್ರು. ನನಗೆ ಅಣ್ಣಾರು. ನಮ್ಮತ್ತೆಗೆ ಮಾತ್ರ ‘ಸಪ್ಪನ ಕಂಪೌಂಡ್ರ’. ಈ ಬಿರುದು ಅವರ ಎದುರಿಗೇ ಕೊಟ್ಟದ್ದು, ಹಿಂದಿನಿಂದ ಆಡಿದ್ದಲ್ಲ.

ಗಿಡ್ಡ ಆಳು. ಕೈ ಮಾತ್ರ ದೊಡ್ಡವು. ಎಮ್ಮೆಯ ಹೊಟ್ಟೆಯೊಳಗಿಂದ ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ತರುವ ಕೈ. ಖಾಕಿ ಅಂಗಿಯ ಎಡಜೇಬಿನಲ್ಲಿ ಪೆನ್ನು, ಬಲಜೇಬಿನಲ್ಲಿ ಹರಳುಪ್ಪು. ಬೆದರಿದ ದನ ಬಂದರೆ ಮೊದಲು ಔಷಧದ ಮಾತಿಲ್ಲ. ಅಂಗೈ ತುಂಬ ಉಪ್ಪು ಹಿಡಿದು ಮೂತಿಯ ಮುಂದೆ ಕೂರುತ್ತಿದ್ದರು. ಅದು ನೆಕ್ಕುತ್ತ ನೆಕ್ಕುತ್ತ ಕಿವಿ ಇಳಿಬಿಟ್ಟ ಮೇಲೆಯೇ ಸೂಜಿ. ಹಿಂಗಾಗಿ ಅವರ ಬಲಜೇಬು ಸದಾ ತೇವ, ಅದರ ಬಣ್ಣವೇ ಬೇರೆ.

ಹೊಲದವರು ದವಾಖಾನೆಗೆ ಬರಿಗೈಲಿ ಬರುತ್ತಿರಲಿಲ್ಲ. ಮಳೆಗಾಲ ಹಿಡಿದು ಎರಡೂವರೆ ತಿಂಗಳಾಯಿತೆಂದರೆ ಬದುವಿನ ಮೇಲೆ ಹಾಕಿದ ಮೆಕ್ಕೆಜೋಳದ ಹಸಿ ತೆನೆ ಬರುತ್ತಿದ್ದವು, ಜೊತೆಗೆ ಒಂದು ಚೊಂಬು ಎಮ್ಮೆಯ ಹಾಲು. ಡಾಕ್ಟರ್ ಸಾಹೇಬರು ಹಾಲು ಒಯ್ದರೆ ತೆನೆ ಇವರಿಗೆ, ಸಾಹೇಬರು ಊರಲ್ಲಿ ಇಲ್ಲದಿದ್ದರೆ ಎರಡೂ ಇವರಿಗೆ. ಎರಡೂ ಸಿಕ್ಕ ದಿನ ಅಂಗಳಕ್ಕೆ ಕಾಲಿಡುತ್ತಲೇ ನನಗೆ ಕೂಗಿ ಹೇಳುತ್ತಿದ್ದರು: ‘ತಂಗಿ, ಆರು ರೊಟ್ಟಿ ಬಡೀರಿ. ಏಳನೇದು ಹಂಚಿನ ಮ್ಯಾಲ ಇದ್ದಾಗ ನಾ ಬರ್ತೀನಿ.’

ಅವರ ಗಡಿಯಾರವೇ ಅದು. ನನ್ನ ಕೈ ಆಗ ಇನ್ನೂ ಹೊಸದು, ರೊಟ್ಟಿ ಒಮ್ಮೆ ಜಲ್ದಿ, ಒಮ್ಮೆ ತಡ. ಆದರೂ ಏಳನೆಯದನ್ನು ಹಂಚಿಗೆ ಹಾಕಿ ತಿರುಗಿದರೆ ಹೊಸ್ತಿಲಾಚೆ ಮುಚ್ಚಿದ ಪಾತೇಲಿ ಹಿಡಿದು ನಿಂತಿರುತ್ತಿದ್ದರು. ಹೇಗೆ ತಿಳಿಯುತ್ತದೆ ಎಂದು ಕೇಳಿದ್ದೆ. ರೊಟ್ಟಿ ಬಡಿಯುವ ಸಪ್ಪಳ ಎಣಿಸುತ್ತೇನೆ ಎಂದಿದ್ದರು.

ಅಷ್ಟರಲ್ಲಿ ಅವರು ಏನು ಮಾಡುತ್ತಿದ್ದರೆಂದು ಒಂದು ದಿನ ರೊಟ್ಟಿ ಬಿಟ್ಟು ನೋಡಲು ಹೋದೆ. ಸ್ಟೋಗೆ ಪಂಪು ಹೊಡೆದಿಟ್ಟು, ತೆನೆಯನ್ನು ತಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಚಾಕು ಎಳೆಯುತ್ತಿದ್ದರು. ಕಾಳು ಸಾಲುಸಾಲಾಗಿ, ಹಲ್ಲಿನ ಸೆಟ್ಟಿನಂತೆ ಬೀಳುತ್ತಿತ್ತು. ನಾನಾದರೆ ಅಲ್ಲಿಗೆ ದಿಂಡನ್ನು ಎಸೆಯುತ್ತಿದ್ದೆ. ಅವರು ಚಮಚ ಬೋರಲು ಮಾಡಿ ಬೋಳು ದಿಂಡಿನ ಮೇಲೆ ಒತ್ತಿ ಎಳೆದರು. ಬಿಳಿ ಹಾಲು ಜಿನುಗಿ ತಾಟಿಗೆ ಇಳಿಯಿತು.

‘ತೆನಿಗೂ ಕೆಚ್ಚಲ ಇರ್ತದ ತಂಗಿ’ ಅಂದರು. ‘ಮೊದಲಿನ ಹಾಲು ಎಲ್ಲಾರೂ ಹಿಂಡ್ಕೋತಾರ. ಕಡೀ ಹಾಲಿನ್ಯಾಗ ಬೆಣ್ಣಿ ಇರ್ತದ.’

ತುಪ್ಪ ಕಾಯಿತು, ಜೀರಿಗೆ ಸಿಡಿಯಿತು. ಎರಡು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿದ್ದು ಬಿತ್ತು. ಅದು ಘಮ್ಮೆನ್ನುತ್ತಲೇ ಕಾಳು. ಕಾಳಿನ ಹಸಿ ವಾಸನೆ ಹೋಗುವತನಕ ಕೈಬಿಡದೆ ತಿರುವಿ, ಒಂದು ಬಟ್ಟಲು ಹಾಲು ಸುರಿದರು. ಕುದಿ ಬಂದಾಗ ತೆನೆಯ ಆ ಕೊನೆಯ ಹಾಲು ಬಿಟ್ಟರು, ಗಂಜಿಯಂತೆ ದಪ್ಪಗಾಗತೊಡಗಿತು. ಕಡಲೆಕಾಳಿನಷ್ಟು ಬೆಲ್ಲ. ಕೆಳಗಿಳಿಸಿದ ಮೇಲೆ, ಬೆಳಗಿನ ಹಾಲಿನ ಮೇಲೆ ಕಟ್ಟಿದ್ದ ಕೆನೆಯನ್ನು ಮಡಿಚಿ ಒಳಗಿಟ್ಟು, ಕೊತ್ತಂಬರಿ ಹರಿದು ಹಾಕಿ ಮುಚ್ಚಿದರು. ಮುಗಿಯಿತು. ಒಲೆಯ ಮೇಲೆ ಬಿಟ್ಟು ಬಂದಿದ್ದ ನನ್ನ ಹಂಚು ಇನ್ನೂ ಕೆಂಪಾಗಿರಲಿಲ್ಲ.

ಉಪ್ಪು ಮರೆತಿರಿ ಎಂದೆ.

‘ಉಪ್ಪು ನೀವ ಹಾಕ್ಕೊಳ್ರಿ’ ಅಂದರು.

ಪ್ರತಿ ಸಲವೂ ಇದೇ ಮಾತು. ನಮ್ಮ ಮನೆಗೆ ಅಷ್ಟೇ ಅಲ್ಲ, ಓಣಿಯಲ್ಲಿ ಯಾರಿಗೆ ಏನು ಕೊಟ್ಟರೂ ಹಾಗೇ. ತಮ್ಮ ಪಾಲಿನದಕ್ಕೆ ಮಾತ್ರ ಮನೆಯಲ್ಲಿ ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದರು. ಮೊದಮೊದಲು ಕೇಳಿದರೆ, ಹಾಲಿಗೆ ಉಪ್ಪು ಬಿದ್ದರೆ ಒಡೆಯುತ್ತದೆ ತಂಗಿ ಎಂದು ಹೇಳಿ ಜಾರಿಕೊಂಡರು. ನಾನು ನಂಬಿದೆ. ನಮ್ಮತ್ತೆ ನಂಬುವ ಪೈಕಿಯಲ್ಲ. ಒಲೆಯಿಂದ ಇಳಿಸಿದ ಮೇಲೆ ಹಾಕಿದರೆ ಯಾವ ಹಾಲು ಒಡೆಯುತ್ತದೆಂದು ಕೇಳಿ ಅವರ ಬಾಯಿ ಮುಚ್ಚಿಸಿದರು. ಮತ್ತೂ ಒಂದನ್ನು ಅತ್ತೆ ಗಮನಿಸಿದ್ದರು. ಆತ ನಮ್ಮಿಂದ ಜೋಳದ ರೊಟ್ಟಿ ಒಯ್ಯುತ್ತಾರೆ, ಪಲ್ಯ ಒಯ್ಯುವುದಿಲ್ಲ. ಚಹಾ ಕುಡಿಯುತ್ತಾರೆ, ಮಜ್ಜಿಗೆ ಒಲ್ಲೆನ್ನುತ್ತಾರೆ. ಪಂಚಮಿಯ ಉಂಡಿ ತಿನ್ನುತ್ತಾರೆ, ಚಕ್ಕುಲಿ ಮುಟ್ಟುವುದಿಲ್ಲ. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವವರಲ್ಲವಲ್ಲ. ಅಂದರೆ ಈ ಮನುಷ್ಯ ಯಾರಿಗೂ ಉಪ್ಪು ಕೊಡುವುದಿಲ್ಲ, ಯಾರ ಉಪ್ಪನ್ನೂ ತಿನ್ನುವುದಿಲ್ಲ.

ಅವತ್ತಿನಿಂದ ನಮ್ಮತ್ತೆಗೆ ಒಂದೇ ಹಟ. ಸಾಯುವುದರೊಳಗೆ ಈತನಿಗೆ ನಮ್ಮ ಮನೆಯಲ್ಲಿ ಒಂದು ಊಟ ಉಣ್ಣಿಸಬೇಕು. ಉಪ್ಪು ಇದ್ದ ಊಟ.

ಅತ್ತೆಯ ಹಟವನ್ನು ನಾನು ಬಲ್ಲೆ. ನನಗೆ ಮಾತು ಕಲಿಸಿದವರೂ ಅವರೇ. ಸುರಪುರದ ಹುಡುಗಿ ನಾನು, ತವರಲ್ಲಿ ಮಾತೇ ಆಡದವಳು. ಅವರ ಕೈಯಲ್ಲಿ ಆರು ತಿಂಗಳಿದ್ದು ಓಣಿಗೆ ಉತ್ತರ ಕೊಡುವಷ್ಟಾದೆ. ಎದುರು ಬಾಗಿಲಿಗೆ ಅವರ ಮಾತಿನ ಬಾಣ ದಿನವೂ ಹೋಗುತ್ತಿತ್ತು. ‘ದನಕ್ಕ ಬೊಗಸಿಗಟ್ಲೆ ನೆಕ್ಕಸ್ತಿ. ಮನುಷ್ಯಾರು ನಿನಗೇನ್ ಮಾಡ್ಯಾರ?’ ಎಂದು ಕೇಳುವರು. ಕಂಪೌಂಡ್ರು ನಕ್ಕು ಸೈಕಲ್ಲು ಹತ್ತುವರು.

ಒಂದು ಅಮಾವಾಸ್ಯೆಗೆ ಅತ್ತೆ ಅಬ್ಬೆತುಮಕೂರಿನ ಮಠಕ್ಕೆ ಹೋದವರು ಕೆಂಡವಾಗಿ ಬಂದರು. ದಾಸೋಹದ ಪಂಕ್ತಿಯಲ್ಲಿ ನಮ್ಮ ಕಂಪೌಂಡ್ರು ಕೂತು, ಅನ್ನ, ಸಾರು, ಉಪ್ಪಿನಕಾಯಿ ಎಲ್ಲವನ್ನೂ ಬಡಿಸಿಕೊಂಡು ಉಣ್ಣುತ್ತಿದ್ದರಂತೆ. ಅಂಗಳದಲ್ಲಿ ನಿಲ್ಲಿಸಿ ವಿಚಾರಣೆ ನಡೆಯಿತು. ಅವರು ಚಪ್ಪಲಿ ಕೈಯಲ್ಲಿ ಹಿಡಿದು ತಪ್ಪು ಮಾಡಿದವರ ಹಾಗೆ ನಿಂತು, ಮಠದ ಉಪ್ಪು ಒಬ್ಬರದಲ್ಲ, ಎಲ್ಲರದು, ಅದನ್ನು ಯಾರೂ ನನ್ನದೆಂದು ಎತ್ತಿ ಆಡುವುದಿಲ್ಲ ಎಂದರು. ಎತ್ತಿ ಆಡುವುದು ಎಂಬ ಮಾತು ಮೊದಲ ಸಲ ಆಗ ಬಂತು. ಅತ್ತೆ ಅದನ್ನು ಹಿಡಿದುಕೊಂಡರು, ಆದರೆ ಅವತ್ತು ಎಳೆಯಲಿಲ್ಲ.

ಮುಂದಿನ ಪಂಚಮಿಗೆ ಅತ್ತೆ ಒಂದು ಕೆಲಸ ಮಾಡಿದರು. ಶೇಂಗಾ ಉಂಡಿ ಕಟ್ಟುವಾಗ ಐದಕ್ಕಾಗುವಷ್ಟು ಬೇರೆ ತೆಗೆದು, ಅದಕ್ಕೆ ಚಿಟಿಕೆ ಉಪ್ಪು ಬೆರೆಸಿ ಕಟ್ಟಿದರು. ಬೆಲ್ಲದಲ್ಲಿ ಗೊತ್ತಾಗುವ ಮಾತೇ ಅಲ್ಲ. ತಾಟಿಗೆ ಸೆರಗು ಮುಚ್ಚಿಕೊಂಡು ಅಂಗಳ ದಾಟಿದರು. ನಾನು ಕಿಟಕಿಯಲ್ಲಿದ್ದೆ. ಬೇವಿನ ಗಿಡದತನಕ ಜೋರಾಗಿ ಹೋದವರು ಅಲ್ಲಿಂದ ನಿಧಾನವಾದರು. ಕಂಪೌಂಡ್ರ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಕರೆಯದೆ, ಬಂದ ದಾರಿಗೇ ತಿರುಗಿದರು. ಒಳಗಿನಿಂದ ಅವರು ನೋಡಿಬಿಟ್ಟಿದ್ದರು. ಹೊರಗೆ ಬಂದು, ಯಾಕ್ರಿ ಅವ್ವಾರ, ಉಂಡಿ ತಂದು ಹೊಂಟ್ರಿ ಎಂದು ಕೇಳಿದರು.

‘ಇದ್ರಾಗ ಉಪ್ಪು ಹಾಕೀನಪ್ಪ. ತಿಳೀಲಾರ್ದಂಗ ತಿನ್ಸಿದ್ರ ಅದು ಋಣ ಅಲ್ಲ, ಕಳವು.’

ಅವರು ಗಿಡದ ಕಟ್ಟೆಯ ಮೇಲೆ ಕೂತು, ತಮ್ಮೂರು ಹತ್ತಿಕುಣಿಯ ಸಂಗತಿ ಹೇಳಿದರು. ಅಪ್ಪ ಅವ್ವ ಹೋದ ಮೇಲೆ ಅಣ್ಣನ ಮನೆಯಲ್ಲೇ ಬೆಳೆದವರು ಅವರು. ಕೆರೆಯ ಕೆಳಗೆ ಭತ್ತದ ಗದ್ದೆ. ಒಂದು ವರ್ಷ ಕೆಸರಿನಲ್ಲಿ ಎತ್ತು ಹೂತು ಕೂತಿತು. ಅಣ್ಣ ಬಾರುಕೋಲಿನಿಂದ ಹೊಡೆದರು, ಕಾಲು ಮುರಿದಿದೆ ಎಂದು ಇವರು ಹೇಳಿದರೂ ಹೊಡೆದರು. ಇವರು ಹೋಗಿ ಬಾರುಕೋಲು ಹಿಡಿದರು. ಗದ್ದೆಯಲ್ಲಿ ನಾಟಿಯ ಹೆಣ್ಣುಮಕ್ಕಳೆಲ್ಲ ನಿಂತು ನೋಡುತ್ತಿದ್ದರು.

‘ನನ್ನ ಉಪ್ಪು ತಿಂದು ನನ್ನ ಕೈ ಹಿಡೀತೀ ಅಂದ್ರು ಅವ್ವಾರ. ಅಷ್ಟ ಅಂದ್ರು. ಹೊಡದಿದ್ರ ಮರೀತಿದ್ದೆ.’

ಮರುದಿನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರಂತೆ. ದನದ ದವಾಖಾನೆಯಲ್ಲಿ ಕಸ ಹೊಡೆಯಲು ಸೇರಿ, ಓದಿ, ಕಂಪೌಂಡರ್ ಆದರು. ಯಾರ ಉಪ್ಪೂ ತಿನ್ನಬಾರದು ಎಂದು ಆಗಲೇ ನಿಂತರು. ಯಾರಿಗೂ ಕೊಡಬಾರದೆಂದು ನಿಂತದ್ದು ಆಮೇಲೆ. ತಾವೂ ಒಂದಲ್ಲ ಒಂದು ದಿನ ಸಿಟ್ಟಿನಲ್ಲಿ ಯಾರಿಗಾದರೂ ಹಾಗೆ ಅಂದುಬಿಟ್ಟೇನು ಎಂಬ ಹೆದರಿಕೆಗೆ. ಅತ್ತೆ ತಾಟು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು. ಕೇಳಿ, ಆ ಐದೂ ಉಂಡಿಯನ್ನು ತಾವೇ ತಿಂದರು. ಅಂದಿನಿಂದ ಬಾಣ ಬಿಡುವುದು ನಿಂತಿತು. ಹಟ ನಿಲ್ಲಲಿಲ್ಲ. ‘ನಾ ಅನ್ನಾಕಿ ಅಲ್ಲ’ ಎಂದು ಆಗಾಗ ಒಬ್ಬರೇ ಒಲೆಯ ಮುಂದೆ ಅನ್ನುತ್ತಿದ್ದರು.

ಅದಾಗಿ ಎರಡು ವರ್ಷಕ್ಕೆ ಅತ್ತೆಯ ಕಾಲು, ಮುಖ ಬಾತವು. ದೊಡ್ಡ ದವಾಖಾನೆಗೆ ತೋರಿಸಿದಾಗ ಉಪ್ಪನ್ನು ಪೂರ್ತಿ ಬಿಡಬೇಕೆಂದರು. ಒಂದು ಹರಳೂ ಕೂಡದು. ಖಾರಬ್ಯಾಳಿ, ಉಪ್ಪಿನಕಾಯಿಗೆ ಬಾಯಿ ಒಗ್ಗಿದ್ದ ಜೀವ ಅದು. ನಾನು ಉಪ್ಪಿಲ್ಲದ ಬೇಳೆ ಬಡಿಸಿದರೆ ತಾಟು ಸರಿಸಿ ಗೋಡೆಗೆ ಮುಖ ಮಾಡುವರು. ಮಗ ಹೇಳಿದರೂ ಇಲ್ಲ, ನಾನು ಅತ್ತರೂ ಇಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ಕಂಪೌಂಡ್ರು ಒಂದು ಖಾಲಿ ತಾಟು ಹಿಡಿದು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಅಡುಗೆಮನೆ ನೋಡಿದ್ದು ಅದೇ ಮೊದಲು. ಅತ್ತೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತರು.

‘ಅವ್ವಾರ, ಈಗ ನಿಮ್ಮ ಮನಿ ಊಟ ನನಗ ನಡೀತದ. ನನಗೂ ಬಡಸ್ರಿ.’

ಅತ್ತೆ ಗೋಡೆಯ ಕಡೆಯಿಂದ ತಿರುಗಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಆ ಸಪ್ಪನೆಯ ಬೇಳೆಯನ್ನು ಉಂಡರು. ಬಾಯಿಗೆ ಹಾಕಿಕೊಂಡ ಪ್ರತಿ ತುತ್ತಿಗೂ ಅತ್ತೆ ಅವರನ್ನು ಬೈಯುತ್ತಿದ್ದರು, ಅವರು ಹೂಂ ಹೂಂ ಎನ್ನುತ್ತಿದ್ದರು. ಮರುದಿನವೂ ಬಂದರು. ದವಾಖಾನೆ ಮುಗಿಸಿ ಹನ್ನೆರಡೂವರೆಗೆ ಬರುವುದು, ಉಣ್ಣುವುದು, ತಾಟು ತೊಳೆದುಕೊಂಡು ಹೋಗುವುದು. ತೆನೆಯ ದಿನಗಳಲ್ಲಿ ಪಾತೇಲಿಯೂ ಜೊತೆಗೆ ಬರುತ್ತಿತ್ತು. ಕೆನೆ, ಬೆಲ್ಲ, ಹಸಿಮೆಣಸಿನಕಾಯಿ ಇರುವುದರಿಂದ ಅದೊಂದಕ್ಕೆ ಉಪ್ಪು ಇಲ್ಲದ್ದು ಅಷ್ಟಾಗಿ ತಿಳಿಯದು. ಅತ್ತೆ ಅದನ್ನು ಬೆರಳಿಂದ ಬಳಿದು ತಿನ್ನುತ್ತಿದ್ದರು. ನಾನು, ನಮ್ಮವರು ಮಾತ್ರ ನಮ್ಮ ಪಾಲಿಗೆ ಪುಡಿ ಉಪ್ಪು ಉದುರಿಸಿಕೊಳ್ಳುತ್ತಿದ್ದೆವು, ಕದ್ದು ತಿಂದವರ ಹಾಗೆ.

ಹೀಗೆ ಒಂದು ವರ್ಷದ ಮೇಲಾಯಿತು. ಯುಗಾದಿ ಮುಗಿದು ಬಿಸಿಲೇರಿದಾಗ ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗೋಡೆಗೆ ಒರಗಿಸಿ ಕೂರಿಸಿದ್ದೆ. ಕಂಪೌಂಡ್ರು ಎದುರಿಗೆ ಕೂತು ಊಟಕ್ಕೆ ಕೈಹಾಕುವಾಗ ಅತ್ತೆ ತಡೆದರು.

‘ನಿನ್ನ ತಾಟಿಗಷ್ಟ ಚೂರು ಉಪ್ಪು ಹಾಕಸ್ತೀನಿ, ತಿನ್ನಪ್ಪ. ಎತ್ತಿ ಆಡ್ಲಾಕ ನಾ ಉಳಿಯಾಂಗಿಲ್ಲ.’

ನಾನು ಉಪ್ಪಿನ ಡಬ್ಬಿಯ ಮೇಲೆ ಕೈ ಇಟ್ಟು ನಿಂತೆ. ಅವರು ತಾಟನ್ನೇ ನೋಡುತ್ತಿದ್ದರು. ಎಮ್ಮೆಯ ಹೊಟ್ಟೆಗೆ ಹೆದರದ ಆ ಕೈ ರೊಟ್ಟಿಯ ಚೂರನ್ನು ಎತ್ತಿ ಮತ್ತೆ ತಾಟಿನಲ್ಲೇ ಇಟ್ಟಿತು. ಕಡೆಗೆ ಅಂದರು, ‘ಹೊಸ ತೆನಿ ಬರ್ಲಿ ಅವ್ವಾರ. ಅವತ್ತ ನಿಮ್ಮ ಕೈಲೆ ಹಾಕಸ್ಕೊಂಡು ಉಣ್ತೀನಿ.’

ತೆನೆಗೆ ಹಾಲು ತುಂಬುವತನಕ ನನ್ನನ್ನು ಕಾಯಿಸುತ್ತಾನೆ ನೋಡು ಎಂದು ಅತ್ತೆ ನನ್ನ ಕಡೆ ತಿರುಗಿ ನಕ್ಕರು. ನಾನು ಡಬ್ಬಿ ಮುಚ್ಚಿದೆ.

ಕಾರಹುಣ್ಣಿಮೆಗೆ ಮಳೆ ಬಿತ್ತು. ಬದುವಿನ ಮೆಕ್ಕೆಜೋಳ ಮೊಣಕಾಲೆತ್ತರ ಇದ್ದಾಗ ಅತ್ತೆ ಹೋದರು.

ಕಂಪೌಂಡ್ರು ಬಂದು ಹೆಗಲು ಕೊಟ್ಟರು. ನಮ್ಮ ಬಳಗದ ಹಿರಿಯರೊಬ್ಬರು, ನೀವು ಏನಾಗಬೇಕು ಎಂದು ಕೇಳಿದ್ದಕ್ಕೆ, ಉಪ್ಪಿಲ್ಲದ ಊಟದ ಬಳಗ್ರಿ ಎಂದರಂತೆ. ದಾರಿಯುದ್ದಕ್ಕೂ ಹೆಗಲು ಬದಲಿಸಿಕೊಳ್ಳಲು ಬಿಡಲಿಲ್ಲವಂತೆ. ಮಣ್ಣು ಕೊಡುವಾಗ ಎಲ್ಲರೂ ಮುಂದೆ ಹೋದರೆ ಅವರು ಹಿಂದೆ ನಿಂತು, ಬಲಜೇಬಿಗೆ ಕೈಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದರೆಂದು ನಮ್ಮವರು ಬಂದು ಹೇಳಿದರು.

ಶ್ರಾವಣದ ಕೊನೆಗೆ ಅವರಿಗೆ ಗುರುಮಠಕಲ್ ಕಡೆಗೆ ವರ್ಗವಾಯಿತು. ಆಮೇಲೆ ನಾವೂ ಯಾದಗಿರಿಗೆ ಬಂದೆವು. ಇಲ್ಲಿಂದ ಅಲ್ಲಿಗೆ ಎಷ್ಟು ದೂರ? ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದಾರಿ. ಪ್ರತಿ ವರ್ಷ ಸಂತೆಯಲ್ಲಿ ಹಸಿ ತೆನೆ ಕಂಡಾಗ, ಈ ಸಲ ಹೋಗಿ ಬರೋಣ ಎಂದು ನಮ್ಮವರಿಗೆ ಅನ್ನುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು. ತೆನೆ ಬಲಿತು ಹೋಗುತ್ತಿತ್ತು. ಹೋಗಿ ಕಂಪೌಂಡ್ರಿಗೆ ಒಂದು ಮಾತು ಹೇಳಬೇಕಾಗಿತ್ತು ನಾನು, ಅವರು ಶಹಾಪುರ ಬಿಟ್ಟ ದಿನದ್ದು. ಇನ್ನು ಯಾರಿಗೆ ಹೇಳಲಿ? ಇಲ್ಲೇ ಹೇಳುತ್ತೇನೆ.

ಅವತ್ತು ಬೆಳಿಗ್ಗೆ ಟ್ರಂಕು, ಹಾಸಿಗೆ ಕಟ್ಟಿ ಅಂಗಳದಲ್ಲಿಟ್ಟಿದ್ದರು. ದಾರಿಗೆಂದು ನಾನು ರೊಟ್ಟಿ ಬಡಿಯುತ್ತಿದ್ದೆ. ಏಳನೆಯದು ಹಂಚಿನ ಮೇಲಿದ್ದಾಗ ಹೊಸ್ತಿಲಲ್ಲಿ ನೆರಳು ಬಿತ್ತು. ಅದೇ ಪಾತೇಲಿ, ಮುಚ್ಚಿದ್ದು. ಸಾಮಾನು ಕಟ್ಟಿದ ಮೇಲೆ ಸ್ಟೋ ಎಲ್ಲಿತ್ತೋ, ಹಾಲು ಎಲ್ಲಿಂದ ತಂದರೋ. ನನ್ನ ಕೈಗೆ ಕೊಟ್ಟು, ‘ಬಿಸಿ ಇದ್ದಾಗ ಉಣ್ರಿ ತಂಗಿ’ ಅಂದರು. ಅಷ್ಟೇ ಅಂದರು. ನನಗೆ ರೊಟ್ಟಿ ಕಟ್ಟಿಕೊಡುವ ಗಡಿಬಿಡಿ. ಪಾತೇಲಿ ಎಂದಾದರೂ ಬಂದು ಒಯ್ಯುತ್ತೇನೆ ಎಂದು ಹೇಳಿ, ಅತ್ತೆ ಒರಗಿ ಕೂರುತ್ತಿದ್ದ ಗೋಡೆಯನ್ನೊಮ್ಮೆ ನೋಡಿ, ಹೋದರು. ಟಾಂಗಾ ತಿರುವು ದಾಟುವತನಕ ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

ಒಳಗೆ ಬಂದು ತಾಟು ಹಾಕಿದೆ. ಪಾತೇಲಿ ತೆಗೆದು, ದಿನದ ರೂಢಿಯಂತೆ ಎರಡು ಚಿಟಿಕೆ ಪುಡಿ ಉಪ್ಪು ಉದುರಿಸಿ, ತಿರುವಿ ಬಡಿಸಿದೆ. ನಮ್ಮವರು ಮೊದಲ ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. ಎಷ್ಟು ಹಾಕಿದಿ ಎಂದು ಕೇಳಿದರು. ದಿನದಷ್ಟೇ ಎಂದೆ. ನಾನೂ ಬಾಯಿಗಿಟ್ಟೆ. ನಾಲಿಗೆ ಸುಟ್ಟ ಹಾಗಾಯಿತು. ಕಾಳಿನ ನಡುವೆ ಹಲ್ಲಿಗೆ ಏನೋ ಕಟ್ಟನೆ ಸಿಕ್ಕಿತು. ತೆಗೆದು ಅಂಗೈಯಲ್ಲಿ ಇಟ್ಟು ನೋಡಿದರೆ, ಅರ್ಧ ಕರಗಿದ ಒಂದು ಹರಳುಪ್ಪು. ನಮ್ಮ ಮನೆಯಲ್ಲಿ ಹರಳುಪ್ಪು ಇರಲಿಲ್ಲ.

ಆಗ ನೆನಪಾಯಿತು, ಆ ದಿನ ಅವರು ಉಪ್ಪಿನ ಆ ಮಾತು ಹೇಳಿರಲಿಲ್ಲ.

ನಮ್ಮವರು ತಾಟು ಸರಿಸಲಿಲ್ಲ. ಚೊಂಬು ನೀರು ನಡುವೆ ಇಟ್ಟುಕೊಂಡು, ಒಂದು ತುತ್ತು ಉಣ್ಣುವುದು, ಒಂದು ಗುಟುಕು ಕುಡಿಯುವುದು, ಹೀಗೆ ಇಬ್ಬರೂ ಕೂತು ಪಾತೇಲಿಯ ತಳ ಕಾಣುವತನಕ ಉಂಡೆವು. ಅದರಲ್ಲಿ ಅವರ ಉಪ್ಪು ಎಷ್ಟು, ನಮ್ಮ ಉಪ್ಪು ಎಷ್ಟು, ಬೇರೆ ಮಾಡಲು ಬರುವಂತಿರಲಿಲ್ಲ.